ಚಿಕಿತ್ಸೆ ಮುಗಿಸಿ ಬಂದವನನ್ನ ಮತ್ತೆ ಅದೇ ಕೂಟಕ್ಕೆ ಕರೀತೀವಲ್ಲ, ತಪ್ಪು ಅವನೊಬ್ಬನದೇನಾ?

ಮೂರನೇಮಹಡಿ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದು ಸ್ವಲ್ಪ ಸಮಯ ಆಯ್ತು. ಅಲ್ಲಿದ್ದಷ್ಟು ದಿನ ಚೆನ್ನಾಗಿದ್ದ. ಊಟ ಸೇರ್ತಿತ್ತು, ನಿದ್ದೆ ಬರ್ತಿತ್ತು, ಕೈ ನಡುಕ ನಿಂತಿತ್ತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ.

ಅವನ ಫೋನಲ್ಲಿ ಗೆಳೆಯರ ವಾಟ್ಸಾಪ್ ಗುಂಪುಗಳಿವೆ. ಶುಕ್ರವಾರ ಸಂಜೆ ಆಯ್ತು ಅಂದ್ರೆ ಗ್ಲಾಸಿನ ಫೋಟೋಗಳು ಒಂದರ ಹಿಂದೆ ಒಂದು ಬರ್ತಾವೆ. ಆಫೀಸಲ್ಲಿ ಟಾರ್ಗೆಟ್ ಮುಟ್ಟಿದ್ರೆ ಖುಷಿಗೆ ಪಾರ್ಟಿ, ಮುಟ್ಟದಿದ್ರೆ ಬೇಜಾರು ಕಳೆಯೋಕೆ ಪಾರ್ಟಿ. ಮೊನ್ನೆ ನೆಂಟರ ಮನೆ ಕಾರ್ಯಕ್ರಮದಲ್ಲಿ ದೊಡ್ಡಪ್ಪನೇ ಅವನ ಹೆಗಲ ಮೇಲೆ ಕೈ ಹಾಕಿ, "ಬಾರೋ, ಸುಮ್ನೆ ಕಂಪನಿ ಕೊಡು, ಒಂದರಿಂದ ಏನೂ ಆಗಲ್ಲ" ಅಂದ್ರು. ಇವನು ಆಸ್ಪತ್ರೆ ಸೇರಿದಾಗ "ಮನೆತನದ ಮಾನ ಕಳೆದ" ಅಂದಿದ್ದೂ ಇದೇ ದೊಡ್ಡಪ್ಪ.

ತಮ್ಮ ಬೇಡ ಅಂದ. "ಯಾಕೋ?" ಅಂದ್ರು. "ಮಾತ್ರೆ ತಗೋತಿದೀನಿ" ಅಂದ. "ಯಾವ ಮಾತ್ರೆ? ಒಂದಿನ ಬಿಟ್ರೆ ಏನಾಗುತ್ತೆ?" ಅಂದ್ರು. ಸುತ್ತ ಕೂತಿದ್ದ ಅಷ್ಟೂ ಜನ ಅವನ ಉತ್ತರ ಕೇಳೋಕೆ ಮಾತು ನಿಲ್ಲಿಸಿ ನೋಡ್ತಿದ್ರು. ಅಲ್ಲಿ ಕುಡೀತಿದ್ದ ಒಬ್ಬರನ್ನೂ ಯಾಕೆ ಕುಡೀತೀರಿ ಅಂತ ಯಾರೂ ಕೇಳಿರಲಿಲ್ಲ. ಬೇಡ ಅಂದವನೇ ಕಾರಣ ಕೊಡಬೇಕು, ಆ ಕಾರಣ ಅವರಿಗೆ ಒಪ್ಪಿಗೆಯೂ ಆಗಬೇಕು.

ನನ್ನ ಪ್ರಶ್ನೆ ಇಷ್ಟೇ. ಚಟ ಅನ್ನೋದು ಎಷ್ಟು ಆ ಮನುಷ್ಯನದು, ಎಷ್ಟು ಅವನ ಸುತ್ತ ಇರೋ ನಮ್ಮದು? ನಿಮ್ಮ ಮನೆಗಳಲ್ಲಿ ಏನು ಮಾಡಿದ್ರಿ?

ಕಲ್ಲುಬಂಡೆ:
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾರೂ ಬಾಯಿ ಬಿಡಿಸಿ ಸುರಿಯಲ್ಲ. ಅಂಥದ್ದೇ ಆಫೀಸು, ಅಂಥವೇ ಪಾರ್ಟಿ, ಅಂಥವೇ ನೆಂಟರು ನನಗೂ ಇದ್ದಾರೆ, ನಾನು ಮುಟ್ಟಲ್ಲ. ಸುತ್ತಮುತ್ತಲಿನವರ ತಲೆಗೆ ಕಟ್ಟೋಕೆ ಶುರು ಮಾಡಿದ್ರೆ ಕುಡಿಯೋನಿಗೆ ಅದೇ ದೊಡ್ಡ ನೆಪ ಆಗುತ್ತೆ. ಮನಸ್ಸು ಗಟ್ಟಿ ಮಾಡ್ಕೋಬೇಕು, ಅಷ್ಟೇ.

ಗಾಳಿಪಟ:
ನಿಮಗೆ ಚಟ ಹತ್ತಿಲ್ಲ, ಅದಕ್ಕೇ "ಅಷ್ಟೇ" ಅನ್ನೋಕೆ ಆಗ್ತಿದೆ.

ಪುಸ್ತಕದಹುಳ:
ಇಬ್ಬರ ಮಾತಲ್ಲೂ ಅರ್ಧರ್ಧ ಇದೆ. ಅವಳಿಗಳನ್ನೂ ದತ್ತು ಹೋದ ಮಕ್ಕಳನ್ನೂ ಇಟ್ಕೊಂಡು ಮಾಡಿದ ಅಧ್ಯಯನಗಳ ಪ್ರಕಾರ, ಒಬ್ಬರಿಗೆ ಚಟ ಹತ್ತಿ ಇನ್ನೊಬ್ಬರಿಗೆ ಹತ್ತದೇ ಇರೋದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಯದು. ಉಳಿದ ಅರ್ಧ ಬದುಕಿನದು: ಯಾವ ವಯಸ್ಸಲ್ಲಿ ಶುರು ಮಾಡಿದ್ರು, ಯಾರ ಜೊತೆ, ಬಾಟ್ಲಿ ಎಷ್ಟು ಸಲೀಸಾಗಿ ಸಿಗುತ್ತೆ, ಬಾಲ್ಯ ಹೇಗಿತ್ತು, ಎಲ್ಲ ಅದರಲ್ಲೇ ಬಂತು. ಕಲ್ಲುಬಂಡೆಯವರೇ, ಒಂದೇ ಪಾರ್ಟಿಯಲ್ಲಿ ನಿಮಗೆ ಏನೂ ಆಗದೇ ಪಕ್ಕದವನಿಗೆ ಹತ್ತಿಕೊಂಡ್ರೆ ಅದು ನಿಮ್ಮ ಮನೋಬಲವೇ ಆಗಿರಬೇಕಿಲ್ಲ, ನಿಮ್ಮ ಅಪ್ಪ-ಅಮ್ಮನಿಂದ ಬಂದ ರಕ್ತವೂ ಆಗಿರಬಹುದು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಹೃದಯರೋಗದ ಬಗ್ಗೆ ತಲೆಮಾರುಗಳಿಂದ ಅಧ್ಯಯನ ನಡೀತಾ ಇದೆ. ಅಲ್ಲಿನ 12 ಸಾವಿರಕ್ಕೂ ಹೆಚ್ಚು ಜನರ 1971ರಿಂದ 2003ರವರೆಗಿನ ದಾಖಲೆ ನೋಡಿ, ಯಾರ ಗೆಳೆಯ ಯಾರು, ಯಾರು ಎಷ್ಟು ಕುಡೀತಾರೆ ಅಂತ ಜೋಡಿಸಿ 2010ರಲ್ಲಿ ಪ್ರಕಟಿಸಿದ್ರು. ಹತ್ತಿರದ ಗೆಳೆಯನೋ ನೆಂಟನೋ ವಿಪರೀತ ಕುಡಿಯೋನಾಗಿದ್ರೆ ಇವನೂ ಹಾಗೆ ಕುಡಿಯೋ ಸಾಧ್ಯತೆ ಶೇ. 50ರಷ್ಟು ಹೆಚ್ಚು.

ಲೆಕ್ಕಾಚಾರ:
ಅದನ್ನ ಹೇಳುವಾಗ ಒಂದು ಮಾತು ಸೇರಿಸಿ. ಕುಡಿಯೋರು ಕುಡಿಯೋರನ್ನೇ ಹುಡುಕಿ ಗೆಳೆತನ ಮಾಡ್ತಾರೆ. ಗೆಳೆಯನಿಂದ ಕುಡಿತ ಬಂತೋ, ಕುಡಿತದಿಂದ ಗೆಳೆಯ ಬಂದನೋ ಅಂತ ಅಂಥ ಅಧ್ಯಯನದಲ್ಲಿ ಪೂರ್ತಿ ಬಿಡಿಸಿ ಹೇಳೋಕಾಗಲ್ಲ.

ಪುಸ್ತಕದಹುಳ:
ಎರಡೂ ಇದೆ ಅಂತ ನನ್ನ ಎಣಿಕೆ. ಆದ್ರೆ ಈ ಮೇಡಂ ತಮ್ಮನ ವಿಷಯಕ್ಕೆ ಆ ವ್ಯತ್ಯಾಸದಿಂದ ಏನು ಬದಲಾಗುತ್ತೆ ಹೇಳಿ? ಗುಂಪು ಹಾಗೇ ಇದ್ರೆ ಎಳೆತವೂ ಹಾಗೇ ಇರುತ್ತೆ.

ಗಾಳಿಪಟ:
ಇಲಿಗಳ ಪ್ರಯೋಗ ಗೊತ್ತಲ್ವಾ? ಪಂಜರದಲ್ಲಿ ಒಂಟಿಯಾಗಿಟ್ಟ ಇಲಿ ಹೆಂಡದ ನೀರನ್ನೇ ಕುಡೀತಿತ್ತು. ಜೊತೆಗಾರರು, ಆಡೋಕೆ ಜಾಗ ಎಲ್ಲ ಕೊಟ್ಟ ಮೇಲೆ ಮಾಮೂಲಿ ನೀರು ಕುಡೀತು. ಚಟ ಅಂದ್ರೆ ಪಂಜರ, ಬೇರೇನಿಲ್ಲ.

ಲೆಕ್ಕಾಚಾರ:
ಹೆಂಡ ಅಲ್ಲ, ಮಾರ್ಫಿನ್ ಬೆರೆಸಿದ ಸಿಹಿನೀರು. ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಮಾಡಿದ್ದು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲರಿಗೂ ಅದೇ ಫಲಿತಾಂಶ ಬರಲಿಲ್ಲ. ಅದೊಂದನ್ನೇ ಹಿಡ್ಕೊಂಡು "ಬೇರೇನಿಲ್ಲ" ಅನ್ನೋಕಾಗಲ್ಲ.

ಪರಿಸರದ ಪರ ವಾದ ಮಾಡಬೇಕಂದ್ರೆ ಅದಕ್ಕಿಂತ ಗಟ್ಟಿ ಸಾಕ್ಷಿ ವಿಯೆಟ್ನಾಂ ಯುದ್ಧದ್ದು. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ಗೆ ಅಂಟಿಕೊಂಡಿದ್ರು. ಅವರೆಲ್ಲ ವಾಪಸ್ ಬಂದ್ರೆ ಗತಿ ಏನು ಅಂತ ಸರ್ಕಾರಕ್ಕೇ ಭಯ. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಬೆನ್ನುಹತ್ತಿ ನೋಡಿದ್ರೆ, ಹಾಗೆ ಅಂಟಿಕೊಂಡಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದೋರು ಶೇ. 5ರ ಆಸುಪಾಸು ಮಾತ್ರ. ಅದು ಹೆರಾಯಿನ್, ಮದ್ಯ ಅಲ್ಲ ಅನ್ನೋದು ನೆನಪಿರಲಿ. ಆದ್ರೂ ಯುದ್ಧಭೂಮಿ, ಅಲ್ಲಿನ ಜೊತೆಗಾರರು, ಅಲ್ಲಿ ಸಿಗ್ತಿದ್ದ ಸರಕು, ಎಲ್ಲ ಒಟ್ಟಿಗೆ ಹಿಂದೆ ಉಳಿದಿದ್ದು ದೊಡ್ಡ ಕಾರಣ.

ರಾತ್ರಿಪಾಳಿ:
ನಾನು ವ್ಯಸನ ಚಿಕಿತ್ಸಾ ವಾರ್ಡಿನಲ್ಲಿ ನರ್ಸ್. ಮೇಲಿನವರು ಹೇಳಿದ ಸೈನಿಕರ ಕಥೆಯನ್ನ ತಿರುಗಿಸಿ ನೋಡಿದ್ರೆ ನಮ್ಮ ವಾರ್ಡು ಸಿಗುತ್ತೆ. ಆ ಸೈನಿಕರು ಚಟ ಹತ್ತಿದ ಜಾಗ ಬಿಟ್ಟು ಮನೆಗೆ ಬಂದ್ರು. ನಮ್ಮ ರೋಗಿಗಳು ವಾರ್ಡಲ್ಲಿ ಹುಷಾರಾಗಿ, ಚಟ ಹತ್ತಿದ ಜಾಗಕ್ಕೇ ವಾಪಸ್ ಹೋಗ್ತಾರೆ.

ವಾರ್ಡಲ್ಲಿ ಕಾಣೋ ಒಂದು ವಿಷಯ ಹೇಳ್ತೀನಿ. ಸಂಜೆ ಆರು ಗಂಟೆ ಹತ್ತಿರ ಬಂತು ಅಂದ್ರೆ ಕೆಲವರು ಮಂಚ ಬಿಟ್ಟು ಕಾರಿಡಾರಲ್ಲಿ ಓಡಾಡೋಕೆ ಶುರು ಮಾಡ್ತಾರೆ. ಅಲ್ಲಿ ಹನಿ ಮದ್ಯ ಇಲ್ಲ. ಆದ್ರೆ ವರ್ಷಗಟ್ಟಲೆ ಅದೇ ಹೊತ್ತಿಗೆ ಕುಡಿದ ದೇಹ ಆ ಹೊತ್ತನ್ನ ಮರೆತಿರಲ್ಲ. ಬಾಯಿ ಒಣಗುತ್ತೆ, ಸಿಟ್ಟು ಬರುತ್ತೆ, ಸುಮ್ಮನೆ ಫೋನ್ ತೆಗೆದು ನೋಡ್ತಾರೆ, ಇಡ್ತಾರೆ. ಹೊತ್ತೊಂದಕ್ಕೇ ಇಷ್ಟಾದ್ರೆ ಹಳೇ ಗೆಳೆಯನ ದನಿ, ಗ್ಲಾಸಿಗೆ ಐಸ್ ಬೀಳೋ ಸದ್ದು, ಸಂಬಳದ ಮೆಸೇಜು ಏನು ಮಾಡಬಹುದು ಯೋಚಿಸಿ. ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್, ಬಿಟ್ಟವರು ಮತ್ತೆ ಯಾವಾಗ ಕುಡೀತಾರೆ ಅಂತ ವಿಂಗಡಿಸಿದಾಗ ಮುಖ್ಯವಾಗಿ ಸಿಕ್ಕಿದ್ದು ಮೂರು: ಬೇಸರ-ಸಿಟ್ಟಿನಂಥ ಮನಸ್ಥಿತಿ, ಯಾರ ಜೊತೆಗೋ ಜಗಳ, ಮತ್ತೆ ಈ "ಕಂಪನಿ ಕೊಡು" ಒತ್ತಾಯ. ಕೊನೆಯ ಎರಡು ಇನ್ನೊಬ್ಬ ಮನುಷ್ಯ ಇಲ್ಲದೆ ಆಗೋದೇ ಇಲ್ಲ.

ಇದನ್ನ ಓದೋ ಎಲ್ಲರಿಗೂ ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯೋರನ್ನ "ಇವತ್ತಿಂದ ಬಂದ್" ಅಂತ ಕೋಣೆಯಲ್ಲಿ ಕೂಡಿ ಹಾಕಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನೋ ಸ್ಥಿತಿ ಬರಬಹುದು: ಮೈ ನಡುಗಿ, ಜ್ವರ ಬಂದು, ಇಲ್ಲದ್ದು ಕಂಡು, ಎಲ್ಲಿದ್ದೀವಿ ಅನ್ನೋದೇ ತಿಳಿಯಲ್ಲ. ಇದರಲ್ಲಿ ಜೀವ ಹೋಗುತ್ತೆ. ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ಸಂಜೆಮಲ್ಲಿಗೆ:
ನಮ್ಮ ಚಿಕ್ಕಪ್ಪನಿಗೆ ಹೀಗೇ ಆಗಿದ್ದು. ದೆವ್ವ ಹಿಡೀತು ಅಂತ ಒಂದು ರಾತ್ರಿ ಪೂರ್ತಿ ಕಳೆದಿದ್ವಿ. ಬೆಳಗ್ಗೆ ಆಸ್ಪತ್ರೆಗೆ ಹೋದ್ಮೇಲೆ ಗೊತ್ತಾಯ್ತು.

ಹಳೇಬೇರು:
ನಾನು ಕುಡಿತ ಬಿಟ್ಟು ವರ್ಷಗಳಾದ್ವು. ತಮ್ಮನಿಗೆ ಹೇಳಿ, ಮೊದಮೊದಲು ಪಾರ್ಟಿಗೇ ಹೋಗೋದು ಬೇಡ. ಹೋಗಲೇಬೇಕಾದ್ರೆ ಬರಿಗೈಲಿ ನಿಲ್ಲೋದು ಬೇಡ. ಕೈ ಖಾಲಿ ಕಂಡ ಕೂಡಲೇ ಯಾರಾದ್ರೂ ಒಬ್ಬರು ಬಂದೇ ಬರ್ತಾರೆ. ನಾನು ಬಾಗಿಲು ದಾಟಿದ ತಕ್ಷಣ ಸೋಡಾಕ್ಕೆ ನಿಂಬೆ ಹಿಂಡಿಸ್ಕೊಂಡು ಗ್ಲಾಸ್ ಹಿಡ್ಕೋತಿದ್ದೆ. ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡ್ತಿರಲಿಲ್ಲ, ಯಾಕಂದ್ರೆ ತುಂಬಿಸೋಕೆ ಬರೋನು ನೋಡೋದು ಖಾಲಿ ಗ್ಲಾಸನ್ನೇ. ವಾಪಸ್ ಹೋಗೋಕೆ ನನ್ನದೇ ಗಾಡಿ, ಇನ್ನೊಬ್ಬರ ಕಾರಿಗೆ ಕಾಯೋ ಹಾಗಿಲ್ಲ. ರಾತ್ರಿ ಹೊತ್ತೇರಿದ ಹಾಗೆ ಒತ್ತಾಯ ಜಾಸ್ತಿ ಆಗುತ್ತೆ, ಅಷ್ಟರಲ್ಲಿ ಜಾಗ ಖಾಲಿ ಮಾಡಬೇಕು.

ಒತ್ತಾಯ ಮಾಡೋರು ಯಾರು ಅಂತ ಗಮನಿಸಿ. ಹದವಾಗಿ ಕುಡಿಯೋನು ನಿಮ್ಮ ಗ್ಲಾಸು ನೋಡಲ್ಲ, ಅವನ ಪಾಡಿಗೆ ಇರ್ತಾನೆ. "ಏನೋ, ದೊಡ್ಡ ಮನುಷ್ಯ ಆಗ್ಬಿಟ್ಟೆ" ಅಂತ ಬೆನ್ನು ಬಿಡದೇ ಕಾಡೋನು ಬಹುಮಟ್ಟಿಗೆ ತಾನೇ ಜಾಸ್ತಿ ಕುಡಿಯೋನು. ಇನ್ನೊಬ್ಬ ಬಿಟ್ಟ ಅಂದ್ರೆ ಅವನಿಗೆ ತನ್ನ ಲೆಕ್ಕ ಕಾಣ್ಸೋಕೆ ಶುರುವಾಗುತ್ತೆ. ನನ್ನನ್ನ ಹೀಗೆ ಕಾಡಿದ್ದ ಒಬ್ಬ ಆಮೇಲೆ ರಾತ್ರಿ ಫೋನ್ ಮಾಡಿ, ಯಾವ ಡಾಕ್ಟರ್ ಹತ್ರ ಹೋಗಿದ್ದೆ ಅಂತ ಮೆಲ್ಲಗೆ ಕೇಳಿದ.

ಗಾಳಿಪಟ:
ಕೊನೆ ಸಾಲು ಓದಿ ಮೈ ಜುಂ ಅಂತು.

ಪುಸ್ತಕದಹುಳ:
ಹಳೇಬೇರು ಹೇಳಿದ್ದಕ್ಕೆ ಜೋಡಿಯಾಗಿ ಒಂದು. 1986ರಲ್ಲಿ ಪರ್ಕಿನ್ಸ್, ಬರ್ಕೊವಿಟ್ಜ್ ಅನ್ನೋ ಇಬ್ಬರು ಅಮೆರಿಕದ ಕಾಲೇಜು ಹುಡುಗರನ್ನ ಕೇಳಿ ನೋಡಿದ್ರು. ಹೆಚ್ಚಿನವರು ತಮ್ಮ ಮಟ್ಟಿಗೆ ಮಿತದ ಕಡೆಯೇ ಇದ್ರು, ಆದ್ರೆ ಉಳಿದವರೆಲ್ಲ ತಮಗಿಂತ ಜಾಸ್ತಿ ಕುಡಿತ ಒಪ್ತಾರೆ ಅಂತ ನಂಬಿದ್ರು. ಅಂದ್ರೆ ಯಾರಿಗೂ ಅಷ್ಟು ಬೇಡ, ಎಲ್ಲರಿಗೂ ಬೇಕು ಅಂದ್ಕೊಂಡು ಎಲ್ಲರೂ ಗ್ಲಾಸ್ ಎತ್ತೋದು! ಜೋರಾಗಿ ಕುಡಿಯೋ ನಾಲ್ಕು ಜನ ಕಣ್ಣಿಗೆ ಬೀಳ್ತಾರೆ, ಮೂಲೆಯಲ್ಲಿ ಒಂದೇ ಗ್ಲಾಸ್ ಹಿಡಿದು ಕೂತ ನಲವತ್ತು ಜನ ಕಾಣಲ್ಲ.

ನೀಲಿಕೊಡೆ:
ಇಡೀ ಚರ್ಚೆ ಗಂಡಸರ ಸುತ್ತಲೇ ಇದೆ. ಹೆಂಗಸರಿಗೆ ಒತ್ತಾಯ ಬೇರೆ ಥರ. ಗಂಡಸು ಕುಡಿದ್ರೆ "ಗೆಳೆಯರ ಸಹವಾಸ" ಅಂತಾರೆ, ಹೆಂಗಸು ಕುಡಿದ್ರೆ ನಡತೆಗೇ ಬರ್ತಾರೆ. ಹಾಗಾಗಿ ಕೂಟದಲ್ಲಿ ಅಲ್ಲ, ಬಾಗಿಲು ಹಾಕ್ಕೊಂಡು ಕುಡೀತಾರೆ. ನನ್ನ ಗೆಳತಿಯೊಬ್ಬಳು ಬಾಟ್ಲಿಯನ್ನ ಒಗೆಯೋ ಬಟ್ಟೆ ಬುಟ್ಟಿಯ ತಳದಲ್ಲಿ ಇಡ್ತಿದ್ಲು. ಆ ಬುಟ್ಟಿಗೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕಲ್ಲ ಅಂತ ಅವಳಿಗೆ ಗೊತ್ತು. ಗೊತ್ತಾಗೋ ಹೊತ್ತಿಗೆ ಲಿವರ್ ಕೆಟ್ಟಿತ್ತು.

ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಅಷ್ಟೇ ಕುಡಿದ್ರೂ ರಕ್ತದಲ್ಲಿ ಜಾಸ್ತಿ ಏರುತ್ತೆ, ಅಂಗಾಂಗ ಬೇಗ ಹಾಳಾಗುತ್ತೆ. ಇವರೇ ಮೊದಲು ಡಾಕ್ಟರ್ ಹತ್ರ ಹೋಗಬೇಕು, ನಾಚಿಕೆಗೆ ಇವರೇ ಕೊನೆಗೆ ಹೋಗ್ತಾರೆ.

ರಾತ್ರಿಪಾಳಿ:
ನೂರಕ್ಕೆ ನೂರು ನಿಜ. ವಾರ್ಡಿಗೆ ಬರೋ ಹೆಂಗಸರ ಜೊತೆ ಗಂಡ ಬರೋದು ಅಪರೂಪ. ಗಂಡಸರ ಜೊತೆ ಹೆಂಡತಿ ಬಂದೇ ಬರ್ತಾಳೆ.

ಕಲ್ಲುಬಂಡೆ:
ಎಲ್ಲ ಓದ್ತಿದ್ದೀನಿ. ಆದ್ರೆ ನೀವು ಹೇಳೋ ಹಾಗೆ ಸಮಾಜವೇ ಕಾರಣ ಅಂದ್ರೆ, ಪೂರ್ತಿ ನಿಷೇಧ ಮಾಡಿ ಮುಗಿಸಬಹುದಲ್ಲ? ಮಾರೋದೇ ನಿಂತ್ರೆ ಕಂಪನಿ ಕೊಡೋದೂ ನಿಲ್ಲುತ್ತೆ.

ಲೆಕ್ಕಾಚಾರ:
ಅಮೆರಿಕ 1920ರಿಂದ 1933ರವರೆಗೆ ಮಾಡಿ ನೋಡ್ತು. ಮೊದಮೊದಲು ಕುಡಿತ, ಲಿವರ್ ಸಾವು ಇಳಿದಿದ್ದೂ ನಿಜ, ಕಳ್ಳಭಟ್ಟಿ, ವಿಷದ ಸಾರಾಯಿ, ಗೂಂಡಾ ಗ್ಯಾಂಗ್ ಬೆಳೆದಿದ್ದೂ ನಿಜ. ಸೋವಿಯತ್ ಒಕ್ಕೂಟದ ನಾಯಕ ಗೊರ್ಬಚೆವ್ 1985ರಲ್ಲಿ ಮದ್ಯದ ಮೇಲೆ ಬಿಗಿ ಮಾಡಿದಾಗ ಗಂಡಸರ ಆಯಸ್ಸೇ ಏರಿತ್ತು. ಬಿಗಿ ಸಡಿಲಿದ ಮೇಲೆ ಮತ್ತೆ ಬಿತ್ತು. ಒಂದೇ ಏಟಿಗೆ ಬಂದ್ ಮಾಡಿ ಜನರ ಬದುಕು ಹಾಗೇ ಬಿಟ್ರೆ ಬಹಳ ದಿನ ನಿಲ್ಲಲ್ಲ.

ಪುಸ್ತಕದಹುಳ:
ನಿಂತ ಉದಾಹರಣೆ ಐಸ್‌ಲ್ಯಾಂಡ್. 1998ರಲ್ಲಿ ಅಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇ. 42ರಷ್ಟು ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ರು. 2016ರಲ್ಲಿ ಅದು ಶೇ. 5. ಅವರು ಮಕ್ಕಳಿಗೆ "ಕುಡೀಬೇಡಿ" ಅಂತ ಭಾಷಣ ಮಾಡಿ ಇದನ್ನ ಸಾಧಿಸಲಿಲ್ಲ. ಮಕ್ಕಳು ರಾತ್ರಿ ಹೊತ್ತು ಮೀರಿ ಹೊರಗಿರೋ ಹಾಗಿಲ್ಲ ಅಂತ ನಿಯಮ ಬಿಗಿ ಮಾಡಿದ್ರು, ಆಟ-ಸಂಗೀತದ ತರಗತಿಗೆ ಪೋಷಕರಿಗೆ ಹಣ ಕೊಟ್ರು, 20 ತುಂಬದವರಿಗೆ ಮದ್ಯ ಮಾರೋ ಹಾಗಿಲ್ಲ, ಜಾಹೀರಾತು ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ-ಅಮ್ಮಂದಿರೇ ಗುಂಪು ಕಟ್ಟಿ, "ನಮ್ಮ ಮನೆಯಲ್ಲಿ ಮಕ್ಕಳ ಪಾರ್ಟಿಗೆ ಮದ್ಯ ಇಲ್ಲ" ಅಂತ ಒಟ್ಟಿಗೆ ಒಪ್ಪಂದಕ್ಕೆ ಬಂದ್ರು. "ಅವರ ಮನೇಲಿ ಬಿಡ್ತಾರೆ" ಅನ್ನೋ ಮಾತಿಗೇ ಜಾಗ ಉಳೀಲಿಲ್ಲ.

ಚಿಕ್ಕ ವಯಸ್ಸು ಯಾಕೆ ಮುಖ್ಯ ಅಂದ್ರೆ, ಅಮೆರಿಕದ 1997ರ ಸಮೀಕ್ಷಾ ವಿಶ್ಲೇಷಣೆಯಲ್ಲಿ 15ಕ್ಕಿಂತ ಮೊದಲು ಶುರು ಮಾಡಿದವರಲ್ಲಿ ಸುಮಾರು ಶೇ. 40 ಜನ ಜೀವನದ ಒಂದಲ್ಲ ಒಂದು ಹಂತದಲ್ಲಿ ವ್ಯಸನಕ್ಕೆ ಬಿದ್ದಿದ್ರು. 20 ದಾಟಿ ಶುರು ಮಾಡಿದವರಲ್ಲಿ ಸುಮಾರು ಶೇ. 10.

ಲೆಕ್ಕಾಚಾರ:
ಅಲ್ಲೂ ಅದೇ ತಕರಾರು. ಕಷ್ಟದ ಮನೆಯ ಮಕ್ಕಳೇ ಬೇಗ ಶುರು ಮಾಡ್ತಾರೆ. ವಯಸ್ಸೇ ಕಾರಣವೋ, ಮನೆಯೋ?

ನೀಲಿಕೊಡೆ:
ಮನೆ ಅಂದ್ರೂ ಪರಿಸರವೇ ಅಲ್ವೇನ್ರೀ!

ಮೌನಿ:
ಮೂರನೇಮಹಡಿ ಅವರೇ, ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ಕುಡಿತ ಬಿಡಿಸೋ ಮಾತ್ರೆ ಬರುತ್ತೆ. ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಪುಡಿ ಮಾಡಿ ಹಾಕಿ. ಕುಡಿದ ಕೂಡಲೇ ವಾಂತಿ ಆಗುತ್ತೆ, ತಾನಾಗೇ ಬಿಡ್ತಾರೆ. ನಮ್ಮ ಪರಿಚಯದವರೊಬ್ಬರ ಮನೇಲಿ ಹಾಗೇ ಮಾಡಿದ್ರು.

ರಾತ್ರಿಪಾಳಿ:
ದಯವಿಟ್ಟು, ದಯವಿಟ್ಟು ಹಾಗೆ ಮಾಡಬೇಡಿ! ನೀವು ಹೇಳ್ತಿರೋದು ಡೈಸಲ್ಫಿರಾಮ್. ಮದ್ಯ ದೇಹದಲ್ಲಿ ಒಡೆದಾಗ ಬರೋ ಅಸಿಟಾಲ್ಡಿಹೈಡ್ ಅನ್ನೋ ವಿಷ ಮುಂದಕ್ಕೆ ಕರಗದ ಹಾಗೆ ಅದು ತಡೆಯುತ್ತೆ. ಆಗ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ಬಿಪಿ ಬಿದ್ದುಹೋಗುತ್ತೆ. ಹೃದಯದ ತೊಂದರೆ ಇದ್ದೋರು ಸತ್ತೇ ಹೋಗಬಹುದು. ತಗೊಳ್ಳೋನಿಗೆ ಗೊತ್ತಿದ್ದು, ಒಪ್ಪಿ, ವೈದ್ಯರು ಪರೀಕ್ಷೆ ಮಾಡಿ ಕೊಟ್ರೆ ಮಾತ್ರ ಅದು ಔಷಧಿ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆಯವೂ ಇವೆ, ಅವು ವಾಂತಿ ಮಾಡಿಸಲ್ಲ, ಕುಡಿಯೋ ತವಕ ತಗ್ಗಿಸೋಕೆ ಕೊಡೋದು. ಯಾವುದು ಯಾರಿಗೆ ಅನ್ನೋದು ಲಿವರ್, ಕಿಡ್ನಿ ನೋಡಿ ಡಾಕ್ಟರ್ ಹೇಳಬೇಕು.

ಇನ್ನೊಂದು. ಮುಚ್ಚಿ ಹಾಕಿ ಕೊಟ್ಟಿದ್ದು ಒಂದಿನ ಗೊತ್ತಾಗೇ ಆಗುತ್ತೆ. ಆಮೇಲೆ ಆ ಮನುಷ್ಯ ಮನೆಯ ಊಟವನ್ನೇ ನಂಬಲ್ಲ.

ಮೌನಿ:
ಇಷ್ಟು ಅಪಾಯ ಅಂತ ಯಾರೂ ಹೇಳಿರಲಿಲ್ಲ. ಅವರ ಮನೆಯವರಿಗೆ ಈಗಲೇ ತಿಳಿಸ್ತೀನಿ.

ಸಂಜೆಮಲ್ಲಿಗೆ:
ಸಿನಿಮಾ ಬಗ್ಗೆ ಯಾರೂ ಹೇಳಲಿಲ್ಲ. ನಾಯಕನಿಗೆ ಪ್ರೀತಿ ಮುರಿದ್ರೆ ಬಾಟ್ಲಿ, ಗೆಲುವಾದ್ರೆ ಬಾಟ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಹಾಕಿದ್ರೆ ಏನು ಬಂತು? ನನ್ನ ಮಗ ಆರನೇ ಕ್ಲಾಸು, ಜ್ಯೂಸ್ ಕುಡಿಯುವಾಗ ಗ್ಲಾಸಿಗೆ ಗ್ಲಾಸ್ ತಾಗಿಸಿ ಚಿಯರ್ಸ್ ಅಂತಾನೆ.

ಗಾಳಿಪಟ:
ಜ್ಯೂಸಿಗೆ ಚಿಯರ್ಸ್ ಅಂದ್ರೆ ಏನ್ ತಪ್ಪು ಮೇಡಂ, ಮಗು ಅದು.

ಸಂಜೆಮಲ್ಲಿಗೆ:
ತಪ್ಪು ಅಂದಿಲ್ಲ. ಯಾರೂ ಹೇಳಿಕೊಡದೇ ಎಲ್ಲಿಂದ ಬಂತು ಅಂತ ಕೇಳ್ತಿದ್ದೀನಿ.

ಪುಸ್ತಕದಹುಳ:
ಫ್ರಾನ್ಸ್ 1991ರಲ್ಲೇ ಟಿವಿ, ಸಿನಿಮಾ ಮಂದಿರಗಳಲ್ಲಿ ಮದ್ಯದ ಜಾಹೀರಾತು ನಿಲ್ಲಿಸ್ತು. ಸ್ಕಾಟ್ಲೆಂಡ್ 2018ರಲ್ಲಿ ಮದ್ಯಕ್ಕೆ ಇದಕ್ಕಿಂತ ಅಗ್ಗಕ್ಕೆ ಮಾರಬಾರದು ಅಂತ ಕನಿಷ್ಠ ದರ ಕಟ್ಟಿತು. ಅದರಿಂದ ನೇರವಾಗಿ ಮದ್ಯದಿಂದಲೇ ಆಗೋ ಸಾವು ಅಂದಾಜು ಶೇ. 13ರಷ್ಟು ಕಡಿಮೆಯಾಯ್ತು ಅಂತ 2023ರಲ್ಲಿ ಅಧ್ಯಯನ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಮದ್ಯದಿಂದ ಸತ್ತೋರು 26 ಲಕ್ಷ, ಅದರಲ್ಲಿ 20 ಲಕ್ಷ ಗಂಡಸರು. ಇಷ್ಟೂ ಜನರ ಮನಸ್ಸು ಗಟ್ಟಿ ಇರಲಿಲ್ಲ ಅಂತ ಕೈ ತೊಳ್ಕೊಳ್ಳೋದು ನನಗಂತೂ ಆಗಲ್ಲ.

ಕಲ್ಲುಬಂಡೆ:
ನನ್ನ ಮಾತು ನನಗೇ ವಾಪಸ್ ಬಂತು, ಇರಲಿ. ಕೊನೆಗೆ ಗ್ಲಾಸ್ ಎತ್ತೋದು ಅವನ ಕೈ ಅನ್ನೋದನ್ನ ನಾನು ಬಿಡಲ್ಲ. ಬಿಟ್ರೆ ಅವನಿಂದ ಏನೂ ಆಗಲ್ಲ ಅಂತ ನಾವೇ ಒಪ್ಪಿದ ಹಾಗೆ. ಆದ್ರೆ ನಮ್ಮ ಟೀಮಿನ ಪಾರ್ಟಿ ಗೊತ್ತು ಮಾಡೋನು ನಾನು. ಪ್ರತಿ ಸಲ ರಾತ್ರಿ, ಪ್ರತಿ ಸಲ ಬಾರು. ಮುಂದಿನದನ್ನ ಮಧ್ಯಾಹ್ನದ ಊಟಕ್ಕೆ ಇಡ್ತೀನಿ. ಯಾರಾದ್ರೂ ಯಾಕೆ ಅಂತ ಕೇಳಿದ್ರೆ ಕಾರಣ ನಾನು ಕೊಡ್ತೀನಿ, ಕುಡಿಯದೇ ಇರೋನು ಕೊಡೋದು ಬೇಡ.

ಹಳೇಬೇರು:
ಇದನ್ನ ನನ್ನ ಆಫೀಸಲ್ಲಿ ಅಂದು ಯಾರಾದ್ರೂ ಮಾಡಿದ್ದಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು. ಕೈ ಅವನದೇ, ನಾನೂ ಒಪ್ತೀನಿ. ನನ್ನ ಕೈಯನ್ನ ಯಾರೂ ಹಿಡಿದು ನಿಲ್ಲಿಸಲಿಲ್ಲ, ನಾನೇ ನಿಲ್ಲಿಸಿದ್ದು. ಆದ್ರೆ ದಿನಕ್ಕೆ ಹತ್ತು ಸಲ ನಿಲ್ಲಿಸೋದಕ್ಕೂ ಒಂದು ಸಲ ನಿಲ್ಲಿಸೋದಕ್ಕೂ ವ್ಯತ್ಯಾಸ ಇದೆ.

ಮೂರನೇಮಹಡಿ:
ಎಲ್ಲರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. ಸಂಜೆ ಆರು ಗಂಟೆಯ ವಿಷಯ ಕೇಳಿ, "ಇದು ನನಗೊಬ್ಬನಿಗೇ ಅಂದ್ಕೊಂಡಿದ್ದೆ" ಅಂದ. ಆ ಗುಂಪುಗಳಿಂದ ಅವನೇ ಹೊರಗೆ ಬಂದ. ಒಂದನ್ನ ಮಾತ್ರ ಬಿಡಲ್ಲ ಅಂತಾನೆ, ಅದರಲ್ಲಿ ಅವನ ಬಾಲ್ಯದ ಗೆಳೆಯರಿದ್ದಾರೆ. ನಾನು ಒತ್ತಾಯ ಮಾಡಲಿಲ್ಲ.

ದೊಡ್ಡಪ್ಪನ ಹತ್ರ ನಾನೇ ಮಾತಾಡಿದೆ. "ನೀವು ಹಿರಿಯರು, ನೀವು ಕರೆದ್ರೆ ಇಲ್ಲ ಅನ್ನೋಕೆ ಅವನಿಗೆ ಕಷ್ಟ. ದಯವಿಟ್ಟು ಕರೀಬೇಡಿ" ಅಂದೆ. ಮುಖ ದಪ್ಪ ಮಾಡ್ಕೊಂಡ್ರು, ಏನೂ ಹೇಳಲಿಲ್ಲ. ಮಾತಾಡಿದ್ದು ಗೊತ್ತಾಗಿ ತಮ್ಮ ನನ್ನ ಮೇಲೆ ಸಿಟ್ಟಾಗಿದ್ದಾನೆ, "ನನ್ನನ್ನ ಎಲ್ಲರ ಮುಂದೆ ರೋಗಿ ಮಾಡಬೇಡ" ಅಂತ. ಇದಕ್ಕೇನು ಮಾಡಲಿ?

ರಾತ್ರಿಪಾಳಿ:
ಅವನ ಸಿಟ್ಟು ಸರಿಯಾಗೇ ಇದೆ ಮೇಡಂ. ಯಾರಿಗೆ ಏನು ಹೇಳಬೇಕು ಅನ್ನೋದನ್ನ ಅವನನ್ನ ಕೇಳಿಯೇ ಹೇಳಿ. ಹಾಗಂತ ನೀವೊಬ್ಬರೇ ಎಲ್ಲ ಹೊತ್ಕೊಳ್ಳೋದೂ ಬೇಡ. ಕುಡಿತದಿಂದ ಹೊರಬರೋರಿಗೆ 1935ರಲ್ಲಿ ಶುರುವಾದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿದ್ದ ಹಾಗೆ, ಮನೆಯವರಿಗಂತಲೇ 1951ರಿಂದ ಅಲ್-ಅನಾನ್ ಇದೆ. ನಿಮ್ಮಂಥ ಅಕ್ಕಂದಿರು, ಹೆಂಡತಿಯರು, ಅಮ್ಮಂದಿರು ಬಂದು ಕೂತು ಮಾತಾಡೋ ಜಾಗ. ಆನ್‌ಲೈನ್ ಸಭೆಗಳೂ ಇವೆ. ಒಂದು ಸಲ ಹೋಗಿ ನೋಡಿ.

ಸಂಜೆಮಲ್ಲಿಗೆ:
ಮದ್ಯ ಇಲ್ಲದ ಬಿಯರ್ ಅಂತ ಸಿಗುತ್ತಲ್ಲ, ಕೂಟಕ್ಕೆ ಹೋಗಲೇಬೇಕಾದಾಗ ಅದನ್ನ ಕೊಡಬಹುದಾ ಸಿಸ್ಟರ್?

ರಾತ್ರಿಪಾಳಿ:
ಹೊಸದಾಗಿ ಬಿಟ್ಟವರಿಗೆ ನಾನು ಬೇಡ ಅಂತೀನಿ. ಕೆಲವದರಲ್ಲಿ ಅಲ್ಪಸ್ವಲ್ಪ ಮದ್ಯ ಇರುತ್ತೆ, ಶೇ. 0.5ರವರೆಗೂ. ಅದಕ್ಕಿಂತ ಹೆಚ್ಚಾಗಿ ಅದೇ ವಾಸನೆ, ಅದೇ ರುಚಿ, ಅದೇ ಬಾಟ್ಲಿ. ಕೆಲವರಿಗೆ ಅದರಿಂದ ಅನುಕೂಲ ಆಗಿದ್ದೂ ಇದೆ, ಕೆಲವರಿಗೆ ಅಲ್ಲಿಂದಲೇ ಹಳೇ ದಾರಿ ಶುರುವಾಗಿದ್ದೂ ಇದೆ. ಅವನ ಡಾಕ್ಟರನ್ನೇ ಕೇಳಿ.

ಮೂರನೇಮಹಡಿ:
ಸೋಮವಾರ ಭೇಟಿ ಇದೆ, ಕೇಳ್ತೀನಿ. ಇಷ್ಟು ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದೆ. ಈ ಸಲ ನೀನೂ ಒಳಗೆ ಬಾ ಅಂತ ಅವನೇ ಅಂದಿದ್ದಾನೆ. ಏನೇನು ಕೇಳಬೇಕು ಅಂತ ಈಗ ಇಬ್ಬರೂ ಕೂತು ಬರ್ಕೋತಿದ್ದೀವಿ. ಬೇರೆ ಏನಾದ್ರೂ ಕೇಳಬೇಕಿದ್ರೆ ಇಲ್ಲೇ ತಿಳಿಸಿ, ಸೇರಿಸ್ಕೋತೀವಿ.